ಹನ್ನೊಂದು ಕಿಲೋಮೀಟರಿನ ಪಿತ್ತ

ನಮ್ಮ ಜಿಲ್ಲೆಯಲ್ಲಿ ಸ್ಪೋರ್ಟ್ಸ್ ಬೈಕು ಇಟ್ಟುಕೊಳ್ಳುವುದೆಂದರೆ ಹೊಲದ ಬದುವಿನ ಮೇಲೆ ಓಡಾಡಲು ರೇಸಿನ ಕುದುರೆ ಸಾಕಿದಂತೆ. ಗದಗದಿಂದ ಲಕ್ಷ್ಮೇಶ್ವರದ ರಸ್ತೆ ನೆಟ್ಟಗೇನೋ ಇದೆ. ಆದರೆ ಹೆಸರು ಕಾಳಿನ ಸುಗ್ಗಿಯಲ್ಲಿ ಅರ್ಧ ರಸ್ತೆ ಕಣವಾಗಿರುತ್ತದೆ, ಉಳಿದರ್ಧ ಕುರಿಗಳದು. ನನ್ನ ಗಾಡಿ ಆರನೇ ಗೇರಿನ ಮುಖ ಕಂಡಿದ್ದು ಒಂದೆರಡು ಸಲ, ಅದೂ ಊರಿಗೆ ಊರೇ ಮದುವೆಯೊಂದಕ್ಕೆ ಹೋಗಿದ್ದಾಗ.

ಇಂಥ ಗಾಡಿಯನ್ನು ನಾನು ಕೊಂಡಿದ್ದು ನಲವತ್ತೈದು ದಾಟಿದ ಮೇಲೆ. ಬೆಟಗೇರಿಯಲ್ಲಿ ನಮ್ಮದು ಸೀರೆ ನೇಯುವ ಮನೆತನ. ಮಗ್ಗದ ಮುಂದೆ ಕುಳಿತು ಬಾಗಿದ ನನ್ನ ಬೆನ್ನು ಈ ಗಾಡಿಗೆ ಹೇಳಿ ಮಾಡಿಸಿದಂತಿತ್ತು. ಹಾಗೆ ಟ್ಯಾಂಕಿನ ಮೇಲೆ ಬೋರಲು ಬಿದ್ದು ಹೊರಟಿದ್ದಾಗ ಕುರ್ತಕೋಟಿಯಲ್ಲಿ ಹಿರಿಯರೊಬ್ಬರು ಕೈ ಮಾಡಿ ನಿಲ್ಲಿಸಿದರು. "ಯಾಕೋ ತಮ್ಮಾ, ಹೊಟ್ಟಿ ಕಡ್ಯಾಕ ಹತ್ತೇತೇನು? ದವಾಖಾನಿಗೆ ಹೊಂಟಿದ್ದ್ರ ನಾನೂ ಹಿಂದ ಕುಂಡ್ರತೇನಿ, ನಂದೂ ಅಲ್ಲೇ ಕೆಲಸ ಐತಿ" ಎಂದರು. ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ನನ್ನ ಹೊಟ್ಟೆಗೆ ಅಜವಾನದ ಔಷಧ ಹೇಳಿದರು.

ಈ ಹುಚ್ಚು ಮೂಲತಃ ನನ್ನದಲ್ಲ, ನನ್ನ ಗೆಳೆಯನದು. ಕಾಲೇಜಿನಲ್ಲಿ ಒಂದೇ ಬೆಂಚಿನವರು ನಾವು. ಆತ ಲಕ್ಷ್ಮೇಶ್ವರದಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಾನೆ. ಗ್ಯಾರೇಜಿನ ಗೋಡೆಯ ಮೇಲೆ ಹಳೆಯ ಕ್ಯಾಲೆಂಡರಿನ ಹಾಳೆಯೊಂದಿದೆ: ಲಡಾಖಿನ ಎತ್ತರದ ಕಣಿವೆದಾರಿ, ಬಿಳಿ ಬೆಟ್ಟ, ಒಂದು ಹಳದಿ ಬೋರ್ಡು. ತಿಂಗಳು, ತಾರೀಕು ಎಲ್ಲ ಗ್ರೀಸಿನಲ್ಲಿ ಮುಚ್ಚಿಹೋದರೂ ಆ ಹಾಳೆಯನ್ನು ಆತ ತೆಗೆದಿರಲಿಲ್ಲ. "ಆ ಬೋರ್ಡಿನ ಕೆಳಗ ನಿಂತು ಒಂದ ಫೋಟೋ ತಕ್ಕೋಬೇಕಲೇ. ಆಮ್ಯಾಲೆ ಸಾಯೂತನಕಾ ಟ್ರ್ಯಾಕ್ಟರ್ ಬುಡಕ ಬಿದ್ದಿರಾಕ ನಾ ತಯಾರ್ ಅದೇನಿ" ಎನ್ನುತ್ತಿದ್ದ. ಬಿಚ್ಚಿಹಾಕಿದ ಗಾಡಿಯೊಂದನ್ನು ತಂದು ಎರಡು ವರ್ಷ ಜೋಡಿಸಿದ. ನನಗೂ ಒಂದು ಹುಡುಕಿಕೊಟ್ಟ. ಒಬ್ಬನೇ ಹೋದರೆ ಹೆಂಡತಿ ಬಿಡುವುದಿಲ್ಲ ಎಂಬುದು ಆತ ಕೊಟ್ಟ ಕಾರಣ.

ಅಭ್ಯಾಸಕ್ಕೆ ನಮಗಿದ್ದ ಹಿಮಾಲಯ ಕಪ್ಪತಗುಡ್ಡ. ಶುಕ್ರವಾರ ಆತನ ಗ್ಯಾರೇಜಿಗೆ ರಜೆ. ಬೆಳಕು ಹರಿಯುವಾಗ ಹೊರಟು ಗುಡ್ಡ ಏರಿಳಿದು, ಮುಂಡರಗಿಯಲ್ಲಿ ಮಿರ್ಚಿ ತಿಂದು, ಆತ ನಮಾಜಿನ ಹೊತ್ತಿಗೆ ವಾಪಸ್ಸು ಮುಟ್ಟುತ್ತಿದ್ದ. ಗುಡ್ಡದಲ್ಲಿ ಇರುವ ತಿರುವುಗಳು ಕೈಬೆರಳಿನಲ್ಲಿ ಎಣಿಸುವಷ್ಟು. ಅವನ್ನೇ ಮತ್ತೆ ಮತ್ತೆ ಏರಿಳಿದು ನೂರು ಮಾಡಿಕೊಳ್ಳುತ್ತಿದ್ದೆವು. "ತಿರುವಿನ್ಯಾಗ ತಗ್ಗು ನೋಡಬ್ಯಾಡ, ದಾರಿ ಎತ್ತ ಹೊಕ್ಕೇತಿ ಅತ್ತ ನೋಡು. ಕಣ್ಣು ಹ್ವಾದಲ್ಲೇ ಗಾಡಿ ಹೊಕ್ಕೇತಿ" ಎಂದು ಆತ ಕಲಿಸಿದ. ನಾನು ತಗ್ಗನ್ನೇ ನೋಡುತ್ತಿದ್ದೆ. ಮೇಲೆ ತಿರುಗುವ ಗಾಳಿಯಂತ್ರಗಳ ರೆಕ್ಕೆ ನೋಡುತ್ತ ಒಮ್ಮೆ ಮುಳ್ಳುಕಂಟಿಯೊಳಗೇ ಹೋದೆ. ಆತ ನನ್ನ ಚಡ್ಡಿಯವರೆಗೂ ಮುಳ್ಳು ತೆಗೆದುಕೊಟ್ಟ.

ಹೊರಡುವಾಗ ಆತನ ಹೆಂಡತಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿದರು. ನನ್ನವಳು ನಿಂಬೆಹಣ್ಣು, ಜೀರಿಗೆ ಕೊಟ್ಟಳು, ಪಿತ್ತಕ್ಕೆ. ನಮ್ಮ ಕಡೆ ತಲೆ ತಿರುಗಿದರೆ ಪಿತ್ತ, ವಾಂತಿಯಾದರೆ ಪಿತ್ತ, ಕಣ್ಣು ಉರಿದರೆ ಪಿತ್ತ, ಸೊಸೆ ಎದುರು ಮಾತಾಡಿದರೂ ಒಮ್ಮೊಮ್ಮೆ ಪಿತ್ತ. ಲಿಂಬು ಹಿಂಡಿಕೊಂಡು ಕುಡಿದು ಹೊದ್ದು ಮಲಗಿದರೆ ಸಂಜೆಗೆ ಇಳಿದುಬಿಡುತ್ತದೆ. ಇದನ್ನು ಪ್ರಶ್ನಿಸಿದವರನ್ನು ನಾನು ನಮ್ಮ ಊರಲ್ಲಿ ಕಂಡಿಲ್ಲ.

ಗಾಡಿಗಳನ್ನು ರೈಲಿನಲ್ಲಿ ಉತ್ತರಕ್ಕೆ ಕಳಿಸಿ ನಾವೂ ಹಿಂದೆ ಹೋದೆವು. ಅಲ್ಲಿಂದ ಮೇಲಕ್ಕೆ ಸವಾರಿ. ತಿರುವಿಗೊಂದು ತಿರುವು, ಎದುರು ಯಾರೂ ಬರದಿದ್ದರೂ ಪ್ರತಿ ತಿರುವಿಗೂ ನಮ್ಮ ಸರ್ಕಾರಿ ಬಸ್ಸಿನವರಂತೆ ಹಾರನ್ ಹೊಡೆಯುತ್ತಿದ್ದೆವು. ಬೆಟ್ಟಕ್ಕೂ ಬೇಸರ ಬಂದಿರಬೇಕು. ಗೆಳೆಯ ಮಾತ್ರ ಬೇರೆಯೇ ಮನುಷ್ಯನಾಗಿದ್ದ. ಮೊಣಕಾಲು ರಸ್ತೆಗೆ ತಾಗುವಂತೆ ವಾಲಿ, ಮತ್ತೆ ಎದ್ದು, ಇನ್ನೊಂದು ಕಡೆ ವಾಲಿ ಹೋಗುತ್ತಿದ್ದರೆ ಟ್ರ್ಯಾಕ್ಟರಿನ ಬುಡದಲ್ಲಿ ಮಲಗುವವ ಈತನೇನಾ ಎನ್ನಿಸುತ್ತಿತ್ತು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಅದನ್ನು ಹೆಮ್ಮೆ ಅಂದುಕೊಂಡಿದ್ದೆ.

ಮೇಲಿನ ಊರಿನಲ್ಲಿ ಎರಡು ದಿನ ಸುಮ್ಮನೆ ಬಿದ್ದುಕೊಂಡು ಅಲ್ಲಿನ ತೆಳು ಗಾಳಿಗೆ ಮೈ ಒಗ್ಗಿಸಿಕೊಳ್ಳಬೇಕು ಎಂದು ಎಲ್ಲರೂ ಹೇಳಿದರು. ವಸತಿಗೃಹದವನೂ ಹೇಳಿದ. ಗೆಳೆಯ ತಯಾರಿದ್ದ. ಒಪ್ಪದವನು ನಾನು. ರೈಲು ತಡಮಾಡಿ ಈಗಾಗಲೇ ದಿನ ಹಾಳಾಗಿತ್ತು. ನಲವತ್ತೆರಡು ಡಿಗ್ರಿ ಬಿಸಿಲಲ್ಲಿ ಬೆಳೆದವರಿಗೆ ಈ ತಂಪು ಗಾಳಿ ಏನು ಮಾಡೀತು ಎಂದು ಭಾಷಣ ಮಾಡಿದೆ. "ಆತು, ನೀ ಅಂದಂಗ ಆಗಲಿ" ಎಂದ ಗೆಳೆಯ.

ಮರುದಿನ ಮಧ್ಯಾಹ್ನ, ಕಣಿವೆದಾರಿಯ ತುದಿ ಇನ್ನು ಹನ್ನೊಂದು ಕಿಲೋಮೀಟರ್ ಎಂದು ಬರೆದ ಕಲ್ಲಿನ ಪಕ್ಕ ಆತ ಗಾಡಿ ನಿಲ್ಲಿಸಿದ. ಇಳಿದ. ಸ್ಟ್ಯಾಂಡ್ ಹಾಕಲಿಲ್ಲ. ಗಾಡಿ ದೊಪ್ಪನೆ ಬಿತ್ತು, ಆತ ಅದನ್ನು ಯಾರದೋ ಗಾಡಿಯೆಂಬಂತೆ ನೋಡುತ್ತ ನಿಂತ. ಇಪ್ಪತ್ತೈದು ವರ್ಷ ಮಷೀನುಗಳ ಜೊತೆ ಬದುಕಿದವನು ಸ್ಟ್ಯಾಂಡ್ ಹಾಕುವುದನ್ನು ಮರೆತಿದ್ದ. ಆಮೇಲೆ ರಸ್ತೆ ಬದಿ ಕುಳಿತು ವಾಂತಿ ಮಾಡಿದ. ತುಟಿ ನೀಲಿಯಾಗಿತ್ತು.

ಅಲ್ಲೇ ಒಂದು ಚಹಾದ ಡೇರೆ ಇತ್ತು. ಒಳಗೆ ಮಲಗಿಸಿದೆ. "ತಲಿ ಸಿಡ್ಯಾಕ ಹತ್ತೇತಿ. ಮುಂಜಾನಿ ಖಾಲಿ ಹೊಟ್ಟಿಲೆ ಚಾ ಕುಡಿದ್ನಿ, ಪಿತ್ತ ಆಗೇತಿ" ಎಂದ. ಪಿತ್ತ! ನನಗೆ ಎಷ್ಟು ಸಮಾಧಾನವಾಯಿತೆಂದರೆ ಹೇಳತೀರದು. ಲಿಂಬು ಹಿಂಡಿ ಕುಡಿಸಿದೆ, ಕಂಬಳಿ ಹೊದಿಸಿದೆ. ಶಾಸ್ತ್ರದಲ್ಲಿ ಏನೂ ಕಡಿಮೆ ಮಾಡಲಿಲ್ಲ.

ಡೇರೆ ನಡೆಸುವ ಹೆಂಗಸು ಆತನ ನೀಲಿಗಟ್ಟಿದ ಉಗುರು ನೋಡಿ ನನ್ನ ತೋಳು ಹಿಡಿದಳು. "ನೀಚೆ, ಅಭೀ ನೀಚೆ" ಎಂದು ಬೆಟ್ಟದ ಕೆಳಗೆ ಕೈ ತೋರಿಸಿದಳು. ಈಗಲೇ ಕೆಳಗಿಳಿಸು ಎನ್ನುತ್ತಿದ್ದಾಳೆ ಎಂದು ತಿಳಿಯಲು ದೊಡ್ಡ ಹಿಂದಿ ಪಂಡಿತನಾಗಬೇಕಿರಲಿಲ್ಲ. ಬೆಟಗೇರಿಯಲ್ಲಿ ಅರ್ಧ ಪೇಟೆ ಹಿಂದೂಸ್ತಾನಿ ಮಾತಾಡುತ್ತದೆ. ಆದರೂ ಭಾಷೆ ಬಾರದವನ ಮುಖ ಮಾಡಿ ನಕ್ಕೆ.

"ನೀ ಹೋಗಿ ಬಾ" ಎಂದ ಗೆಳೆಯ, ಕಣ್ಣು ಮುಚ್ಚಿಕೊಂಡೇ. "ಇಷ್ಟ ದೂರ ಬಂದೇವಿ, ಒಬ್ಬರರೆ ನೋಡೂಣು. ನಾ ಅಷ್ಟರಾಗ ನೆಟ್ಟಗ ಆಗತೇನಿ, ನಾಳೆ ಇಬ್ಬರೂ ಕೂಡಿ ಹೋಗೂಣು."

ಬೇರೆ ಯಾರಾದರೂ ಹಾಗೆ ಹೇಳಿದ್ದರೆ ನಾನು ಬೈದು ಕೆಳಗಿಳಿಸುತ್ತಿದ್ದೆ ಎಂದು ಬರೆಯಬಹುದು. ಬರೆಯುವುದಿಲ್ಲ. ಆತ ಮಾತು ಮುಗಿಸುವ ಮೊದಲೇ ನನ್ನ ಕೈ ಹೆಲ್ಮೆಟ್ಟಿನ ಮೇಲಿತ್ತು.

ಆ ಹನ್ನೊಂದು ಕಿಲೋಮೀಟರು ನನ್ನ ಜೀವನದಲ್ಲೇ ಚೆಂದ ಗಾಡಿ ಓಡಿಸಿದ ದಾರಿ. ಮೊದಲ ಬಾರಿಗೆ ತಗ್ಗು ನೋಡಲಿಲ್ಲ, ದಾರಿ ಹೋದತ್ತ ನೋಡಿದೆ. ಇಂಜಿನ್ನು ಏದುಸಿರು ಬಿಡುತ್ತಿತ್ತು, ನಾನೂ ಬಿಡುತ್ತಿದ್ದೆ. ಒಂದೊಂದು ತಿರುವೂ ತಾನಾಗಿಯೇ ತೆರೆದುಕೊಂಡಿತು. ತುದಿಯಲ್ಲಿ ಹಳದಿ ಬೋರ್ಡಿನ ಕೆಳಗೆ ನಿಂತು ಎರಡೂ ಕೈ ಮೇಲೆತ್ತಿದೆ. ಪುಣೆಯ ಸವಾರನೊಬ್ಬ ನನ್ನ ಫೋನಿನಲ್ಲಿ ಫೋಟೋ ತೆಗೆದ. ಮೊದಲನೆಯದರಲ್ಲಿ ಹೊಟ್ಟೆ ಕಾಣುತ್ತಿತ್ತೆಂದು ಎರಡನೆಯದು ತೆಗೆಸಿದೆ. ಸುಳ್ಳು ಯಾಕೆ ಹೇಳಲಿ, ಅಷ್ಟು ಹೊತ್ತು ಗೆಳೆಯನ ನೆನಪೇ ಆಗಲಿಲ್ಲ.

ವಾಪಸ್ಸು ಬಂದಾಗ ಡೇರೆಯಲ್ಲಿ ಆತ ಇರಲಿಲ್ಲ. ಆ ಹೆಂಗಸು ದಾರಿಯಲ್ಲಿ ಹೊರಟಿದ್ದ ಮಿಲಿಟರಿ ಲಾರಿಯನ್ನು ಅಡ್ಡಗಟ್ಟಿ ಆತನನ್ನು ಹತ್ತಿಸಿ ಕೆಳಗಿನ ಆಸ್ಪತ್ರೆಗೆ ಕಳಿಸಿದ್ದಳು. ಅಷ್ಟು ಹೇಳಿದವಳೇ ಒಲೆಯ ಕಡೆ ತಿರುಗಿ ಚಹಾ ಸೋಸತೊಡಗಿದಳು. ಕೆಳಗಿಳಿಯುವಾಗ ನಡೆದು ಹೋಗುವವನಿಗಿಂತ ನಿಧಾನವಾಗಿ ಒಂದೊಂದೇ ತಿರುವು ದಾಟಿದೆ.

ಆಸ್ಪತ್ರೆಯಲ್ಲಿ ಆತನ ಮುಖದ ಮೇಲೆ ಆಮ್ಲಜನಕದ ಮುಖವಾಡವಿತ್ತು. ಎತ್ತರದ ತೆಳು ಗಾಳಿಗೆ ಶ್ವಾಸಕೋಶದಲ್ಲಿ ನೀರು ತುಂಬಿತ್ತಂತೆ. ಇನ್ನೊಂದು ತಾಸು ಮೇಲೆಯೇ ಇದ್ದಿದ್ದರೆ ಹೆಣ ಒಯ್ಯಬೇಕಾಗುತ್ತಿತ್ತು ಎಂದು ಡಾಕ್ಟರು ಹೇಳಿ, ಇವನನ್ನು ಅಲ್ಲಿ ಬಿಟ್ಟುಹೋದವರು ಯಾರು ಎಂದು ಕೇಳಿದರು. ಆತ ಮುಖವಾಡ ಸರಿಸಿ, "ಯಾರೂ ಬಿಟ್ಟಿಲ್ಲ ಸಾಬ್, ನಾನೇ ಹಿಂದೆ ಉಳಿದೆ" ಎಂದು ಹಿಂದಿಯಲ್ಲಿ ಹೇಳಿದ. ಇನ್ನು ಮುಂದೆ ಎತ್ತರಕ್ಕೆ ಕರೆದೊಯ್ಯಬೇಡಿ ಎಂಬುದು ಡಾಕ್ಟರರ ಕೊನೆಯ ಮಾತು. ಆ 'ನಾಳೆ ಇಬ್ಬರೂ ಕೂಡಿ' ಅಲ್ಲಿಗೆ ಮುಗಿಯಿತು.

ಊರಿಗೆ ಬಂದು ಇಪ್ಪತ್ತು ದಿನಕ್ಕೆ ಆತ ಗ್ಯಾರೇಜು ತೆರೆದ. ನಾನು ಹೋದಾಗ ಶಿರಹಟ್ಟಿ ಕಡೆಯ ನಾಲ್ಕು ಜನ ರೈತರು ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ಕುಳಿತಿದ್ದರು. ಆತನ ಫೋನು ಕೈಯಿಂದ ಕೈಗೆ ಹೋಗುತ್ತಿತ್ತು. ಅದರಲ್ಲಿ ನನ್ನ ಫೋಟೋ. ಹೊಟ್ಟೆ ಕಾಣದಿದ್ದ ಆ ಎರಡನೆಯದು. ನಾನೇ ಉಮೇದಿನಲ್ಲಿ ತುದಿಯಿಂದ ಕಾಲೇಜಿನ ಗೆಳೆಯರ ಗ್ರೂಪಿಗೆ ಕಳಿಸಿದ್ದೆ.

"ಇದು ಇವರದ ಆತು. ಇದ್ರಾಗ ನೀವೆಲ್ಲಿ ಅದೀರಿ ಮಿಸ್ತ್ರಿ?" ಎಂದು ಒಬ್ಬರು ಕೇಳಿದರು.

ಆತ ತಲೆ ಎತ್ತಲಿಲ್ಲ. ಕೈಯಲ್ಲಿದ್ದ ನಟ್ಟು ಒರೆಸುತ್ತಲೇ ಇದ್ದ. "ಫೋಟೋ ತಗದಾವ ನಾನರಿ" ಎಂದ. "ತಗ್ಯಾವ ಎಲ್ಲೆ ಕಾಣತಾನ?"

ಎಲ್ಲರೂ ನಕ್ಕರು. ಖರೆ ಹೇಳಲು ಅದೇ ಹೊತ್ತು ಇತ್ತು, ಬಾಯಿಯೂ ಇತ್ತು. ನಾನು ನಕ್ಕವರ ಜೊತೆ ನಕ್ಕೆ.

ಅಷ್ಟರಲ್ಲಿ ಆತನ ಹೆಂಡತಿ ಒಳಗಿನಿಂದ ಚಹಾ ತಂದರು. ಮೊದಲ ಕಪ್ಪು ನನಗೇ ಕೊಟ್ಟು, "ದಿನಾ ದುವಾ ಮಾಡತೇನ್ರಿ ನಿಮಗ. ಅಲ್ಲೆ ಇವರಿಗೆ ಅಷ್ಟು ತ್ರಾಸ ಆದಾಗ ನೀವು ಬಾಜೂಕ ಇದ್ರಿ ಅಂತ ಬದುಕಿ ಬಂದ್ರು" ಎಂದರು.

ಕಪ್ಪು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಗೆಳೆಯ ಆಗ ಒಂದೇ ಒಂದು ಸಲ ತಲೆ ಎತ್ತಿ ನನ್ನ ಕಡೆ ನೋಡಿದ, ಏನೂ ಹೇಳಬೇಡ ಎಂಬಂತೆ. ನಾನು ಚಹಾ ಕುಡಿದೆ.