ನನ್ನ ಹಿಮ್ಮಡಿ, ನಸೀಮಾಳ ಹೆಬ್ಬೆರಳು

ಶಿಡ್ಲಘಟ್ಟದಲ್ಲಿ ಒಬ್ಬ ಹುಡುಗಿ ಬಗ್ಗಿ ನನ್ನ ಕಾಲು ಹಿಡಿದಳು. ನಾನು ಅವಳ ತಲೆಯ ಮೇಲೆ ಕೈಯಿಟ್ಟು, "ನೂರು ವರ್ಷ ಚೆನ್ನಾಗಿರಮ್ಮ" ಅಂದೆ.

ಅವಳು ತಲೆಯೆತ್ತಿ ನೋಡಿದಳು. "ಅಜ್ಜಿ, ನಾನು ಫಿಸಿಯೋಥೆರಪಿಸ್ಟು. ನಿಮ್ಮ ಹಿಮ್ಮಡಿ ನೋಡ್ತಾ ಇದೀನಿ."

ನನ್ನ ತಪ್ಪೇನು ಹೇಳಿ? ನಮ್ಮ ಕಡೆ ಯಾರು ಕಾಲು ಮುಟ್ಟಿದರೂ ಕೈ ತಾನಾಗಿ ಮೇಲೇಳುತ್ತದೆ. ಇಷ್ಟು ವಯಸ್ಸಾದ ಮೇಲೆ ಕಾಲಿರುವುದೇ ಅದಕ್ಕೆ ಅಂದುಕೊಂಡಿದ್ದೆ.

ಆ ಕಾಲೇ ಕೈಕೊಟ್ಟಿತ್ತು. ಬೆಳಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟರೆ ಹಿಮ್ಮಡಿಗೆ ಮೊಳೆ ಹೊಡೆದ ಹಾಗೆ. ಸ್ವಲ್ಪ ಓಡಾಡಿದರೆ ಕಡಿಮೆ. ಕೂತು ಎದ್ದರೆ ಮತ್ತೆ ಮೊಳೆ. ಕಾದ ಇಟ್ಟಿಗೆಯ ಮೇಲೆ ಎಕ್ಕದ ಎಲೆ ಹಾಸಿ ತುಳಿದೆ. (ಕಾಲು ಸುಟ್ಟಿತು. ನೋವು ಅಲ್ಲೇ ಇತ್ತು.)

ನೋವಿಗೆ ನಾನು ಹೆದರಲಿಲ್ಲ. ಹೆದರಿದ್ದು ಕುರ್ಚಿಗೆ.

ನಮ್ಮದು ರೇಷ್ಮೆ ಹುಳು ಸಾಕುವ ಮನೆ. ಪೊರೆ ಬಿಡುವ ಮುಂಚೆ ಹುಳು ಮೇವು ಬಿಟ್ಟು ಮಲಗುತ್ತವೆ. ಅದಕ್ಕೆ ನಾವು ಜ್ವರ ಅನ್ನುತ್ತೇವೆ. ನಾಲ್ಕನೇ ಜ್ವರದಿಂದ ಎದ್ದವೋ, ರಾಕ್ಷಸರ ಹಸಿವು. ಆಗ ನಿಂತುಕೊಂಡೇ ಸೊಪ್ಪು ಹಾಕಬೇಕು. ನಾನು ಮದುವೆಯಾಗಿ ಬಂದಾಗಿನಿಂದ ಆ ಕೆಲಸ ನನ್ನದು. ಹೋದ ಸಲದ ಹುಳುವಿನ ಬೆಳೆಯಲ್ಲಿ ಮಗ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಹುಳದ ಮನೆಯ ಹೊರಗೆ ಇಟ್ಟ.

"ಇಲ್ಲೇ ಕೂತ್ಕೊಂಡು ಹೇಳ್ತಾ ಇರಮ್ಮ, ನಾವು ಮಾಡ್ತೀವಿ."

ಹೇಳುವುದಂತೆ! ಹುಳು ಸೊಪ್ಪು ತಿನ್ನುತ್ತವೋ, ನನ್ನ ಮಾತು ತಿನ್ನುತ್ತವೋ? ಆ ಬೆಳೆ ಕುರ್ಚಿಯಲ್ಲೇ ಮುಗಿಯಿತು. ಮುಂದಿನದಕ್ಕೂ ಕುರ್ಚಿಯೇ ಆದರೆ? ನಾನು ಅದರಿಂದ ಏಳುವುದುಂಟೇ? ಅದಕ್ಕೇ ಬಸ್ಸು ಹತ್ತಿ ಶಿಡ್ಲಘಟ್ಟಕ್ಕೆ, ಆ ಕಾಲು ಹಿಡಿದ ಹುಡುಗಿ ನಸೀಮಾಳ ಹತ್ತಿರ ಹೋದೆ.

ನೋಡಲು ಸಣ್ಣ ಕೈ. ಎಣ್ಣೆ ಸವರಿ ಹೆಬ್ಬೆರಳು ಊರಿದಳು ನೋಡಿ, ಕೊಟ್ಟ ನೂರು ವರ್ಷ ವಾಪಸ್ ತೆಗೆದುಕೊಂಡೆ.

"ಅಯ್ಯೋ, ನಿನ್ನ ಕೈ ಮುರಿಯಾ!"

"ಈಗ ತಾನೆ ಚೆನ್ನಾಗಿರು ಅಂದ್ರಲ್ಲ ಅಜ್ಜಿ?"

"ಅದು ನೀನು ಒತ್ತೋಕೆ ಮುಂಚೆ ಕಣೇ!"

ಕಾಲ್ಬೆರಳುಗಳನ್ನು ಹಿಂದಕ್ಕೆ ಬಗ್ಗಿಸಿ ಹಿಡಿದು, ಹಿಮ್ಮಡಿಯಿಂದ ಅಂಗಾಲಿನುದ್ದಕ್ಕೂ ನಿಧಾನವಾಗಿ ಒತ್ತುತ್ತಾ ಬಂದಳು. ಆಮೇಲೆ ಮೀನಖಂಡ ಹಿಸುಕತೊಡಗಿದಳು.

"ನೋವು ಕೆಳಗಿದ್ರೆ ನಿಂಗೆ ಮೇಲೇನಮ್ಮ ಕೆಲಸ?"

"ಮೇಲೆ ಬಿಗಿ ಇದ್ರೆ ಕೆಳಗೆ ಎಳೆಯುತ್ತೆ ಅಜ್ಜಿ. ಸುಮ್ನೆ ಕಾಲು ಸಡಿಲ ಬಿಡಿ."

ಬೆಳಗ್ಗೆ ಏಳುವ ಮುಂಚೆ ಹಾಸಿಗೆಯಲ್ಲೇ ಅಂಗಾಲಿಗೆ ಟವೆಲ್ ಹಾಕಿ ಎಳೆದುಕೊಳ್ಳಬೇಕಂತೆ. ಸಿಮೆಂಟ್ ನೆಲದ ಮೇಲೆ ಬರಿಗಾಲಲ್ಲಿ ನಿಲ್ಲಬಾರದಂತೆ.

ಬರಿಗಾಲು ಬೇಡವೇ? ಹೊರಗಿನ ರೋಗ ಹುಳಕ್ಕೆ ತಗಲುತ್ತದೆ ಅಂತ, ಚಪ್ಪಲಿ ಹಾಕಿ ಬಂದವರನ್ನೆಲ್ಲ ಬಾಗಿಲಿಂದಲೇ ಓಡಿಸಿದವಳು ನಾನು! ಕೊನೆಗೆ ಒಳಗೆ ಮಾತ್ರ ಹಾಕುವುದಕ್ಕೆ ಅಂತ ಮೆತ್ತನೆಯ ಹೊಸ ಜೋಡಿ ಕೊಂಡೆ. ಅದನ್ನು ಹಾಕಿ ಒಳಗೆ ಹೆಜ್ಜೆಯಿಟ್ಟರೆ ಸೊಸೆ ಕೈ ಅಡ್ಡ ಹಿಡಿದಳು.

"ಅತ್ತೆ, ಚಪ್ಪಲಿ!"

ಎಷ್ಟು ಖುಷಿ ಅವಳ ಮುಖದಲ್ಲಿ! (ಹೊಸದು ಅಂತ ಅಡಿ ತೋರಿಸಿದ ಮೇಲೇ ದಾರಿ ಬಿಟ್ಟದ್ದು.)

ಒಂದೇ ದಿನಕ್ಕೆ ನೋವು ಹೋಗಲಿಲ್ಲ, ಸುಳ್ಳೇಕೆ ಹೇಳಲಿ? ವಾರವಾರ ಹೋದೆ. ಒತ್ತಿಸಿಕೊಂಡೆ, ಬೈದೆ, ಹೊರಡುವಾಗ ಆಶೀರ್ವಾದ ಮಾಡಿದೆ. ಮೊಳೆಯಿದ್ದದ್ದು ಮುಳ್ಳಾಯಿತು. ಮುಳ್ಳು ಬರೀ ಮರಳಾಯಿತು.

ಈ ಬೆಳೆಯಲ್ಲಿ ಹುಳು ನಾಲ್ಕನೇ ಜ್ವರ ಎದ್ದ ದಿನ ನಿಂತೇ ಸೊಪ್ಪು ಹಾಕಿದೆ. ಚರಚರ ಅಂತ ಮೇಯುತ್ತಿದ್ದವು. ಆ ಸದ್ದಿನಲ್ಲಿ ಮಗನ "ಸಾಕು ಕೂತ್ಕೊಮ್ಮ" ಕೇಳಿಸಲೇ ಇಲ್ಲ. ಕುರ್ಚಿಯ ಮೇಲೆ ಸೊಪ್ಪಿನ ಕಟ್ಟು ಕೂತಿತ್ತು.

ಮೊನ್ನೆ ನಮ್ಮಣ್ಣನ ಮೊಮ್ಮಗ ಹೊಸ ಹೆಂಡತಿಯನ್ನು ಕರೆದುಕೊಂಡು ಬಂದ. ಇಬ್ಬರೂ ಬಗ್ಗಿ, ಕಾದ ಹೆಂಚು ಮುಟ್ಟಿದ ಹಾಗೆ ನನ್ನ ಕಾಲು ಮುಟ್ಟಿ ಏಳಲು ಹೊರಟರು. ಈಗಿನವರದು ಎಲ್ಲವೂ ಫಾಸ್ಟು.

"ಏಳ್ಬೇಡ್ರಪ್ಪ. ಹೇಗೂ ಬಗ್ಗಿದೀರ, ಒಬ್ಬೊಬ್ರು ಒಂದೊಂದು ಹಿಮ್ಮಡಿ ಒತ್ತಿ."

ಹುಡುಗ ನಗುತ್ತಾ ನಿಂತ. ಹುಡುಗಿ ಕೂತು ಒತ್ತಿದಳು, ಚೆನ್ನಾಗಿಯೇ ಒತ್ತಿದಳು. ಅವಳಿಗೆ ಪೂರ್ತಿ ನೂರು ವರ್ಷ ಕೊಟ್ಟೆ. ಅವನಿಗೆ ಎಪ್ಪತ್ತು.

ನಿಮಗೂ ನನ್ನ ಆಶೀರ್ವಾದ ಬೇಕೇ? ಮೊದಲು ಹೇಳಿ, ಹೆಬ್ಬೆರಳಲ್ಲಿ ಶಕ್ತಿ ಇದೆಯೇ?