ಹೊತ್ತು ಮುಳುಗಿದ ಮೇಲಿನ ಒಲೆ

ಚಿಕ್ಕೋಡಿಯ ಪೇಟೆಯಲ್ಲಿ ಯಾರ ಅಂಗಡಿಗೆ ಹೊಸ ಬೋರ್ಡು ಬಂತು, ಯಾವ ಓಣಿಗೆ ನೀರು ಬಿಡಲಿಲ್ಲ, ಯಾವ ವಕೀಲರು ಯಾವ ಕೇಸು ಸೋತು ಸೊಟ್ಟ ಮೋರೆ ಹಾಕಿಕೊಂಡು ಬಂದರು ಎಂಬುದೆಲ್ಲ ಕಮಲಾಬಾಯಿಗೆ ಊರಿಗಿಂತ ಮೊದಲೇ ಗೊತ್ತಿರಬೇಕು. ಅವಳ ಖಾನಾವಳಿಯ ಗಲ್ಲಾಪೆಟ್ಟಿಗೆಯ ಮೇಲೆ ದಿನಾಲೂ ಒಂದು ಕನ್ನಡ ಪೇಪರು, ಒಂದು ಮರಾಠಿ ಪೇಪರು ಬಂದು ಬೀಳುತ್ತವೆ. ಎರಡರಲ್ಲೂ ಬರೀ ಹಳಸಿದ ಸುದ್ದಿ ಎಂದು ಬೈಯುತ್ತಲೇ ಎರಡನ್ನೂ ಕಡೆಯ ಪುಟದವರೆಗೆ ಓದುತ್ತಾಳೆ. ಬಿಸಿ ಸುದ್ದಿ ಬರುವುದು ಮೊಬೈಲಿನಲ್ಲಿ, ರೋಹನನ ಚಾನೆಲ್ಲಿನಲ್ಲಿ. ಈ ರೋಹನ ಬೈಕಿನ ಮೇಲೆ ಪೇಟೆಯನ್ನೆಲ್ಲ ಸುತ್ತಿ, ಗಟಾರಕ್ಕೆ ಬಿದ್ದ ಎಮ್ಮೆಯಿಂದ ಹಿಡಿದು ಪುರಸಭೆಯ ಜಗಳದವರೆಗೆ ಎಲ್ಲವನ್ನೂ ವಿಡಿಯೋ ಮಾಡಿ ಹಾಕುವವನು. ಹಪ್ಪಳ ಸುಡುತ್ತಲೇ ಕಮಲಾಬಾಯಿ ಅವನ ಸುದ್ದಿ ಕೇಳುತ್ತಾಳೆ, ಉಣ್ಣಲು ಬಂದವರಿಗೆ ಬಡಿಸುತ್ತ ಅದನ್ನೂ ಬಡಿಸುತ್ತಾಳೆ.

ಅವಳದು ಜೈನರ ಊಟದ ಖಾನಾವಳಿ, ಅತ್ತೆಯ ಕಾಲದಿಂದ ಬಂದದ್ದು. ಅಲ್ಲಿ ಉಳ್ಳಾಗಡ್ಡಿ, ಬೆಳ್ಳುಳ್ಳಿ, ಬಟಾಟೆ ಹೊಸ್ತಿಲು ದಾಟುವಂತಿಲ್ಲ. ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಎಂದರೆ ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು, ಆಮೇಲೆ ಒಲೆ ಉರಿಯಬಾರದು. ಕತ್ತಲಾದ ಮೇಲೆ ಬೆಂಕಿಗೂ ದೀಪಕ್ಕೂ ಹುಳಗಳು ಹಾರಿ ಬಂದು ಬಿದ್ದು ಸಾಯುತ್ತವೆ. ಅಂಥ ಒಲೆಯ ಮೇಲೆ ಮರುದಿನ ಬೇಯಿಸಿದ ಅನ್ನವೂ ವ್ರತ ಹಿಡಿದವರ ಗಂಟಲಲ್ಲಿ ಇಳಿಯುವುದಿಲ್ಲ. ಚಾತುರ್ಮಾಸದಲ್ಲಿ ಸ್ವಾಮಿಗಳ ದರ್ಶನಕ್ಕೆಂದು ಅಥಣಿಯಿಂದ, ಕಾಗವಾಡದಿಂದ, ರಾಯಬಾಗದಿಂದ ಬಂದವರಿಗೆಲ್ಲ ಬಸದಿಯ ಹಿರಿಯರಾದ ಭಾವುಸಾಹೇಬರು ತೋರಿಸುವುದು ಇದೊಂದೇ ಬಾಗಿಲು. ಅವರೂ ಹೆಂಡತಿ ತೀರಿದಾಗಿನಿಂದ ಸಂಜೆಯ ಊಟವನ್ನು ಇಲ್ಲೇ ಮಾಡುತ್ತಾರೆ. ಆ ನಾಲ್ಕು ತಿಂಗಳ ಗದ್ದಲದ ಮೇಲೆಯೇ ಖಾನಾವಳಿಯ ವರ್ಷದ ಸಂಸಾರ ನಡೆಯುತ್ತದೆ.

ಹೀಗೆ ಚೆನ್ನಾಗಿಯೇ ನಡೆದಿದ್ದ ಬಾಳಿಗೆ, ಹೋದ ವರ್ಷ ಬೀದಿಯ ಆಚೆ ಬದಿಗೆ ದೀಪಾಲಿ ಬಂದು ಕೂತಳು.

ದೀಪಾಲಿ ಕಬ್ಬಿನ ಹೊಲದವರ ಸೊಸೆ. ಹೋಟೆಲ್ಲಿನ ಹೆಸರು ‘ದೀಪಾಲಿ ಗಾರ್ಡನ್’. ಗಾರ್ಡನ್ ಎಂದರೆ ಗೋಡೆಗೆ ಅಂಟಿಸಿದ ಪ್ಲಾಸ್ಟಿಕ್ಕಿನ ಹುಲ್ಲು, ಅದರ ನಡುವೆ ನೀಲಿಯಿಂದ ಕೆಂಪಾಗುವ, ಕೆಂಪಿನಿಂದ ಹಸಿರಾಗುವ ದೀಪದ ಅಕ್ಷರ. ಕಮಲಾಬಾಯಿ ಬಾಗಿಲು ಎಳೆಯುವ ಹೊತ್ತಿಗೆ ಅಲ್ಲಿ ಗಿರಾಕಿಗಳು ಬರತೊಡಗುತ್ತಾರೆ. ಅವಳ ಗಿರಾಕಿ ಒಬ್ಬನೂ ಅಲ್ಲಿಗೆ ಹೋಗಲಿಲ್ಲ, ಅಲ್ಲಿಯವರು ಇಲ್ಲಿಗೆ ಬರುವವರಲ್ಲ. ಲೆಕ್ಕಕ್ಕೆ ಕೂತರೆ ಒಂದು ತುತ್ತಿನ ನಷ್ಟವೂ ಇರಲಿಲ್ಲ. ಆದರೆ ಹೊಟ್ಟೆಕಿಚ್ಚು ಯಾವಾಗ ಲೆಕ್ಕಕ್ಕೆ ಕೂತಿದೆ?

ದೀಪಾಲಿ ನಕ್ಕರೆ ಅದು ತನ್ನನ್ನೇ ನೋಡಿ ನಕ್ಕದ್ದು. ದೀಪಾಲಿ ಹೊಸ ಸೀರೆ ಉಟ್ಟರೆ ಅದು ತನಗೆ ತೋರಿಸಲೆಂದೇ ಉಟ್ಟದ್ದು. ಒಂದು ದಿನ ಆ ದೀಪದ ಅಕ್ಷರಗಳಲ್ಲಿ ಅರ್ಧ ಕೆಟ್ಟು ಕಪ್ಪಾದಾಗ ಕಮಲಾಬಾಯಿ ಸೊಸೆ ಮೇಘಾಳನ್ನು ಒಳಗಿನಿಂದ ಕರೆದು ತೋರಿಸಿದಳು. ಅಂದು ಕಮಲಾಬಾಯಿಗೆ ಎರಡು ಚಪಾತಿ ಹೆಚ್ಚಿಗೆ ಸೇರಿದವು.

ಆದರೆ ಆಷಾಢದಲ್ಲಿ ರೋಹನ ಆ ಹೋಟೆಲ್ಲಿನದೊಂದು ವಿಡಿಯೋ ಹಾಕಿದ. ‘ಚಿಕ್ಕೋಡಿಯ ಹೆಮ್ಮೆ’ ಎಂದು ಮೇಲೆ ದಪ್ಪಕ್ಷರ, ಕೆಳಗೆ ದೀಪಾಲಿಯ ನಗು, ಹಿಂದೆ ಹಾಡು. ಪೇಟೆಯೆಲ್ಲ ಅದನ್ನು ನೋಡಿತು. ಕಮಲಾಬಾಯಿಯೂ ನೋಡಿದಳು, ಮತ್ತೆ ನೋಡಿದಳು, ಬಚ್ಚಲ ಮನೆಗೆ ಮೊಬೈಲು ಒಯ್ದು ಇನ್ನೊಮ್ಮೆ ನೋಡಿದಳು.

“ಹೆಮ್ಮಿ ಅಂತ, ಹೆಮ್ಮಿ,” ಎಂದಳು ಮೇಘಾಳಿಗೆ. “ನಿನ್ನೆ ಮನ್ನೆ ಬಂದಾಕಿ ಚಿಕ್ಕೋಡಿ ಹೆಮ್ಮಿ ಹೆಂಗಾದಳು? ನಮ್ಮತ್ತಿ ಇಲ್ಲೇ ರೊಟ್ಟಿ ಬಡದ ಬಡದ ಸತ್ತಳು. ಆಕಿ ಫೋಟೋ ಯಾವ ಪೇಪರಿನ್ಯಾಗರ ಬಂದಿತ್ತೇನು?”

“ಬಿಡ್ರಿ ಅತ್ತಿ. ನಮ್ಮ ಮಂದಿ ನಮಗ ಅದಾರಲ್ರಿ,” ಎಂದಳು ಮೇಘಾ.

ಬಿಡುವುದು ಕಮಲಾಬಾಯಿಯ ಜಾತಕದಲ್ಲಿ ಇರಲಿಲ್ಲ. ರೋಹನ ಬೀದಿಯಲ್ಲಿ ಸಿಕ್ಕಾಗಲೆಲ್ಲ ತಡೆದು ನಿಲ್ಲಿಸಿದಳು. ಮೊದಲು ಸುತ್ತುಬಳಸಿ ಹೇಳಿದಳು, ಆಮೇಲೆ ಮಾನ ಬಿಟ್ಟು ನೇರವಾಗಿಯೇ ಕೇಳಿದಳು. ಕಡೆಗೆ ಶ್ರಾವಣದ ಒಂದು ದಿನ ಅವನು ಮಧ್ಯಾಹ್ನ ಬರುತ್ತೇನೆಂದು ಮಾತು ಕೊಟ್ಟ. ಕಮಲಾಬಾಯಿ ನಿಪ್ಪಾಣಿಯಿಂದ ತಂದ ರೇಷ್ಮೆ ಸೀರೆ ಉಟ್ಟು, ಪಾತ್ರೆಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿಸಿ, ಬಾಗಿಲಿಗೆ ಕಣ್ಣು ನೆಟ್ಟು ಕೂತಳು. ಮಧ್ಯಾಹ್ನ ಹೋಯಿತು. ಭಾವುಸಾಹೇಬರು ಬಂದು ಉಂಡು, ಕೈ ತೊಳೆದು ಹೋದರು. ಒಲೆ ಆರಿತು. ಬೀದಿ ದೀಪ ಹತ್ತಿದ ಮೇಲೆ ರೋಹನ ಬೈಕು ನಿಲ್ಲಿಸಿದ.

“ಮಾವಶಿ, ಮಾಫ್ ಮಾಡ್ರಿ. ಪುರಸಭೆ ಮೀಟಿಂಗ್ ಮುಗೀಲೇ ಇಲ್ಲ,” ಎಂದ. ಒಳಗೆ ನೋಡಿ, “ಒಲಿ ಆರಸೀರೇನು? ಖಾಲಿ ಒಲಿಕಟ್ಟಿ ತೋರಿಸಿದರ ಯಾರ್ ನೋಡ್ತಾರ್ರಿ? ಈ ಮಬ್ಬಿನ್ಯಾಗ ಬೆಂಕಿ ಭಾಳ ಚೆಂದ ಬರ್ತೈತಿ. ನಾಲ್ಕು ಫುಲಕಾ ಉಬ್ಬಿಸಿರಿ, ಒಂದು ಒಗ್ಗರಣಿ ಕೊಡ್ರಿ, ಮುಗೀತು.”

“ಹೊತ್ತು ಮುಳಗೇತಿ. ನಾಳೆ ಬಾ,” ಎಂದಳು ಕಮಲಾಬಾಯಿ.

“ನಾಳೆಯಿಂದ ನಾ ಐಗಳಿ ಕಡೆ. ಮುಂದ ಗಣಪತಿ ಹಬ್ಬ. ಆಮ್ಯಾಲ ನೋಡೂಣಂತ.”

ಅದೇ ಹೊತ್ತಿಗೆ ಆಚೆ ಬದಿಯಲ್ಲಿ ಅಕ್ಷರಗಳು ನೀಲಿಯಿಂದ ಕೆಂಪಾದವು. ದೀಪಾಲಿ ಮೆಟ್ಟಿಲಿನ ಮೇಲೆ ನಿಂತು ಈ ಕಡೆಗೇ ನೋಡುತ್ತಿದ್ದಳು. ರೋಹನ ಹಾಗೇ ಬೈಕು ಹತ್ತಿ ಹೊರಟುಬಿಟ್ಟರೆ ಅವಳ ಮುಖದ ಮೇಲೆ ಎಂಥ ನಗು ಬರಬಹುದು ಎಂಬುದು ಕಮಲಾಬಾಯಿಯ ಕಣ್ಣಿಗೆ ಕಟ್ಟಿತು. ಅದೊಂದನ್ನು ತಡೆದುಕೊಳ್ಳುವ ಶಕ್ತಿ ಅವಳಿಗೆ ಇರಲಿಲ್ಲ.

“ಅತ್ತಿ, ಬ್ಯಾಡ್ರಿ,” ಎಂದಳು ಮೇಘಾ.

“ಯಾರೂ ಉಣ್ಣೂದಿಲ್ಲಲ್ಲ. ಬರೀ ತೋರಸಾಕ,” ಎಂದು ಕಮಲಾಬಾಯಿ ತಾನೇ ಒಲೆ ಹೊತ್ತಿಸಿದಳು.

ಫುಲಕಾಗಳು ಚೆಂಡಿನಂತೆ ಉಬ್ಬಿದವು. ಒಗ್ಗರಣೆ ಚಟಪಟ ಸಿಡಿಯಿತು. ಕಮಲಾಬಾಯಿ ಮೈಕಿನ ಮುಂದೆ ಅತ್ತೆಯ ಕಥೆ ಹೇಳಿದಳು, ಶುದ್ಧ ಊಟದ ಮಹಿಮೆ ಹೇಳಿದಳು, ಎದುರು ಬದಿಗೆ ಕೇಳಲೆಂದು ದನಿ ಏರಿಸಿ ಹೇಳಿದಳು. ರೋಹನ ಆ ಫುಲಕಾಗಳನ್ನು ತಾನೇ ತಿಂದು ಕೈ ಒರೆಸಿಕೊಂಡು ಹೋದ.

ಮರುದಿನ ಬೆಳಿಗ್ಗೆ ವಿಡಿಯೋ ಬಂತು. ಮೊಬೈಲು ಕೈಯಲ್ಲಿ ನಿಲ್ಲದಂತೆ ಗುಂಯ್‌ಗುಟ್ಟಿತು. ಚಿಂಚಲಿಯ ತಂಗಿ ಫೋನು ಮಾಡಿದಳು, ಕೋರ್ಟಿನ ಗುಮಾಸ್ತರು ಬಾಗಿಲಲ್ಲಿ ಬಂದು ಹೇಳಿಹೋದರು. ಕಮಲಾಬಾಯಿ ಅರ್ಧ ದಿನ ನೆಲದ ಮೇಲೆ ನಡೆಯಲಿಲ್ಲ. ಮಧ್ಯಾಹ್ನ ಮೇಘಾ ಮೊಬೈಲು ಹಿಡಿದು ಒಂದು ಜಾಗದಲ್ಲಿ ನಿಲ್ಲಿಸಿ ತೋರಿಸಿದಳು. ಒಲೆಯ ಮೇಲಿನ ಬಲ್ಬಿನ ಸುತ್ತ ಮಳೆಗಾಲದ ಹುಳಗಳು ಗಿರಗಿರನೆ ಸುತ್ತುತ್ತಿದ್ದವು. ಒಂದು ಬೆಂಕಿಗೆ ಬಿದ್ದು ಚಟ್ಟೆಂದದ್ದೂ ಕಾಣುತ್ತಿತ್ತು. ಕಮಲಾಬಾಯಿ ಅಷ್ಟು ಸಲ ನೋಡಿದ್ದರೂ ತನ್ನ ಮುಖವನ್ನಷ್ಟೇ ನೋಡಿದ್ದಳು.

ಸಂಜೆ ಭಾವುಸಾಹೇಬರು ಎಂದಿನ ಹೊತ್ತಿಗೆ ಬಂದರು. ಉಳಿದ ಮೇಜುಗಳು ಖಾಲಿ ಇದ್ದವು. ಅವರು ಟೋಪಿ ತೆಗೆದು ಪಕ್ಕದಲ್ಲಿಟ್ಟರು. ತಾಟು ಮುಂದೆ ಬಂದರೂ ಕೈ ಹಾಕಲಿಲ್ಲ.

“ಬಾಯಾರ, ಒಂದು ಕೇಳ್ತೀನಿ. ಈಗಿನ ಮೊಬೈಲಿನ್ಯಾಗ ಹಗಲಿನ ಚಿತ್ರಾನ ರಾತ್ರಿ ಮಾಡ್ತಾರಂತ. ರೋಹನ ಹಂಗೇನರ ಮಾಡ್ಯಾನೇನು?”

ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಹೌದೆನ್ನಲಿ ಎಂಬ ಆಸೆ ಇತ್ತು. ಒಂದು ‘ಹೌದ್ರಿ’ ಅಂದರೆ ಅವರು ಉಣ್ಣುತ್ತಾರೆ, ಅವರು ಉಂಡರೆ ಊರೇ ಉಣ್ಣುತ್ತದೆ. ಮಾತು ಕಮಲಾಬಾಯಿಯ ನಾಲಿಗೆಯ ತುದಿಗೂ ಬಂದಿತ್ತು. ಆದರೆ ಸುಳ್ಳು ಹೇಳಿ ಈ ಮನುಷ್ಯನ ವ್ರತವನ್ನು ತಾನೇ ಮುರಿಸುವುದೆಂದರೆ, ಒಲೆ ಹೊತ್ತಿಸಿದ್ದಕ್ಕಿಂತ ದೊಡ್ಡ ಪಾಪ.

“ಇಲ್ರಿ ಕಾಕಾ. ಹೊತ್ತು ಮುಳಗಿತ್ರಿ. ನಾನ ಒಲಿ ಹೊತ್ತಿಸಿದ್ದು.”

“ಯಾಕ?”

“ಹೊಟ್ಟಿಕಿಚ್ಚಿಗಿರಿ. ಎದುರಿನಾಕಿಗಿ ತೋರಸಬೇಕಂತ.”

ಭಾವುಸಾಹೇಬರು ತಾಟನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಟೋಪಿ ಹಾಕಿಕೊಂಡು ಎದ್ದರು. “ಖರೇ ಹೇಳಿದಿರಿ, ಛಲೋ ಆತು. ಕಾಗವಾಡದಿಂದ ನಾಳೆ ಒಂದು ಗಾಡಿ ಮಂದಿ ಬರಾಕತ್ತಾರ. ಬರೂವಾಗ ಬುತ್ತಿ ಕಟ್ಟಿಕೊಂಡು ಬರ್ರಿ ಅಂತ ಅವರಿಗಿ ಹೇಳ್ತೀನಿ,” ಎಂದು ನಿಧಾನವಾಗಿ ಮೆಟ್ಟಿಲಿಳಿದರು. ಆ ಸಂಜೆ ಅವರಿಗೆ ಉಪವಾಸವೇ ಎಂಬುದು ಕಮಲಾಬಾಯಿಗೆ ಗೊತ್ತಿತ್ತು.

ಮೊಬೈಲು ಗುಂಯ್‌ಗುಟ್ಟಿತು. ಐಗಳಿಯಿಂದ ರೋಹನ.

“ಮಾವಶಿ, ಮಜಾ ಕೇಳ್ರಿ. ದೀಪಾಲಿ ಅಕ್ಕ ಮುಂಜಾನಿಂದ ಫೋನಿನ್ಯಾಗ ನನ್ನ ಸಂಗಾಟ ಜಗಳ ತಗದಾಳ. ಆಕಿ ಒಲಿ ಅಷ್ಟು ಚೆಂದ ತೋರಿಸಿದಿ, ನನ್ನ ಹೋಟೆಲ್ ಯಾಕ ಹಂಗ ತೋರಿಸ್ಲಿಲ್ಲ ಅಂತ. ಹೊಟ್ಟಿ ಉರಕೊಂಡು ಕುಂತಾಳ್ರಿ.”

ಒಂದು ವರ್ಷದಿಂದ ಕಮಲಾಬಾಯಿ ಕೇಳಬೇಕೆಂದು ಕಾದದ್ದು ಈ ಸುದ್ದಿಯನ್ನೇ. ಕೇಳಿದಳು. ಖುಷಿ ಬರಲಿಲ್ಲ. ಕಿವಿಗೆ ಸರಿಯಾಗಿ ಬಿದ್ದಿಲ್ಲವೇನೋ ಎಂದು, “ಇನ್ನೊಮ್ಮಿ ಹೇಳಪಾ,” ಎಂದಳು. ರೋಹನ ಇನ್ನೊಮ್ಮೆ, ಇನ್ನಷ್ಟು ಬಣ್ಣ ಕಟ್ಟಿ ಹೇಳಿದ. ಆಗಲೂ ಬರಲಿಲ್ಲ.

ಹೊರಗೆ ಇನ್ನೂ ಬಿಸಿಲಿತ್ತು. ಬಡಿಸಿದ ತಾಟು ಮೇಜಿನ ಮೇಲೆ ಹಾಗೇ ಆರುತ್ತಿತ್ತು. ಹಂಚಿನ ಮೇಲೆ ಇನ್ನೊಂದು ಚಪಾತಿ ಹಾಕಬೇಕೋ ಬೇಡವೋ ತಿಳಿಯದೆ, ಮೇಘಾ ಹಿಟ್ಟಿನ ಕೈಯಲ್ಲೇ ನಿಂತು ಅತ್ತೆಯ ಮುಖ ನೋಡುತ್ತಿದ್ದಳು.