ಕುಂಟೆ ಬೀದಿಯ ಕಮಲತ್ತೆ

ಟಾರು ರಸ್ತೆಗೆ ಅರಿಶಿನ ಕುಂಕುಮ ಹಚ್ಚುವವರನ್ನು ನಾನು ಕಂಡಿದ್ದು ಒಬ್ಬರನ್ನೇ, ನಮ್ಮ ಎದುರು ಮನೆಯ ಕಮಲತ್ತೆಯನ್ನು. ಗೌರಿ ಹಬ್ಬದ ಬೆಳಗ್ಗೆ ಚಾಮರಾಜಪೇಟೆಯ ನಮ್ಮ ಬೀದಿಯ ತಿರುವಿನಲ್ಲಿ, ಸ್ಕೂಟರಿನವರು ಎಷ್ಟು ಹಾರ್ನ್ ಹೊಡೆದರೂ ಲೆಕ್ಕಿಸದೆ, ಕುಕ್ಕರುಗಾಲಿನಲ್ಲಿ ಕೂತು ಗಂಗೆ ಪೂಜೆ ಮಾಡುತ್ತಿದ್ದರು. ಹಿಂದೆ ಅಲ್ಲೊಂದು ಕುಂಟೆ, ಅಂದರೆ ಪುಟ್ಟ ಕೆರೆಯಿತ್ತು. ಬೀದಿಯ ಹೆಂಗಸರೆಲ್ಲ ಹಬ್ಬಕ್ಕೆ ಅಲ್ಲಿಂದಲೇ ನೀರು ತರುತ್ತಿದ್ದರಂತೆ. ಅದನ್ನು ಮುಚ್ಚಿ ಮನೆ ಕಟ್ಟಿದರು, ರಸ್ತೆ ಹಾಕಿದರು. ಉಳಿದದ್ದು ಕುಂಟೆ ಬೀದಿ ಎಂಬ ಹೆಸರು ಮಾತ್ರ.

ಕಮಲತ್ತೆ ಹುಡುಗಿಯರ ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ಪಾಠ ಮಾತ್ರ ನಿಂತಿರಲಿಲ್ಲ. ಅವರ ಜೊತೆ ಮಾರ್ಕೆಟ್ಟಿಗೆ ಹೊರಟರೆ ದಾರಿಯುದ್ದಕ್ಕೂ ಕ್ಲಾಸು. "ಬಳೇಪೇಟೇಲಿ ಬಳೆ, ಅಕ್ಕಿಪೇಟೇಲಿ ಅಕ್ಕಿ. ಹೆಸರಿಟ್ಟೋರಿಗೆ ಮೈಮೇಲೆ ಪ್ರಜ್ಞೆ ಇತ್ತು ಕಣೋ. ಹೆಸರು ಕೇಳಿದ್ರೆ ಸಾಕು, ಅಲ್ಲೇನಿತ್ತು ಅಂತ ಗೊತ್ತಾಗ್ಬೇಕು."

ನಮ್ಮ ಬೀದಿಯ ಸಂಘದವರಿಗೆ ಆ ಪ್ರಜ್ಞೆ ಇರಲಿಲ್ಲ. ಒಂದು ಭಾನುವಾರ ರಸ್ತೆಯಲ್ಲೇ ಕುರ್ಚಿ ಹಾಕಿ ಸಭೆ ಸೇರಿಸಿದರು. ಇನ್ನು ಮೇಲೆ ಇದು 'ರೋಸ್ ಗಾರ್ಡನ್ ರಸ್ತೆ'ಯಂತೆ. "ಕುಂಟೆ ಅಂದ್ರೆ ಜನ ಕೊಳಚೆ ನೀರು ಅನ್ಕೋತಾರೆ ಮೇಡಂ, ಫ್ಲಾಟಿಗೆ ರೇಟ್ ಬರಲ್ಲ," ಎಂದ ಅಧ್ಯಕ್ಷ. ಇದೇ ಬೀದಿಯಲ್ಲಿ ಹುಟ್ಟಿ ಬೆಳೆದವನು.

ಕಮಲತ್ತೆ ಎದ್ದು ನಿಂತರು. "ನಿಮ್ಮಜ್ಜಿ ಅದೇ ನೀರು ಹೊತ್ತು ಸಂಸಾರ ಮಾಡಿದ್ರು ಕಣ್ರೀ! ಮಾನ ಮರ್ಯಾದೆ ಇದ್ಯಾ ನಿಮಗೆ? ರೋಸ್ ಎಲ್ಲಿದೆ, ಗಾರ್ಡನ್ ಎಲ್ಲಿದೆ, ತೋರ್ಸಿ ನೋಡೋಣ!"

ಎಲ್ಲರೂ ನಕ್ಕರು. ನಕ್ಕು, ಕಾಫಿ ಕುಡಿದು, ಕೈಯೆತ್ತಿ ಹೆಸರು ಬದಲಿಸಿದರು. ಆ ನಗು ನೆನೆದರೆ ಇಂದಿಗೂ ಮೈಯೆಲ್ಲ ಉರಿಯುತ್ತದೆ. ಬೋರ್ಡು ಬಂತು, ಫೋನಿನ ಮ್ಯಾಪೂ ಬದಲಾಯಿತು. ಕಮಲತ್ತೆ ಮಾತ್ರ ಆ ಹೆಸರನ್ನು ಬಾಯಿಗೆ ತಂದುಕೊಳ್ಳಲಿಲ್ಲ. ಹೊಸ ವಿಳಾಸ ಕೇಳಿಕೊಂಡು ಬಂದ ಕೊರಿಯರಿನವರನ್ನು "ಅಂಥ ರಸ್ತೆ ಇಲ್ಲಿಲ್ಲಪ್ಪ" ಎಂದು ಅಟ್ಟಿಬಿಡುತ್ತಿದ್ದರು. ಒಮ್ಮೆ ಅವರದೇ ಬಿಪಿ ಮಾತ್ರೆಯೂ ಹಾಗೆ ವಾಪಸು ಹೋಯಿತು. "ಹೋಗ್ಲಿ ಬಿಡು, ನಡ್ಕೊಂಡು ಹೋಗಿ ತರ್ತೀನಿ," ಎಂದರು. ತಂದರು ಕೂಡ.

ಕಳೆದ ಶ್ರಾವಣದ ಒಂದು ಮಧ್ಯಾಹ್ನ ಅವರು ಜಗಲಿಯ ಮೇಲೆ ಎದೆ ಹಿಡಿದುಕೊಂಡು ಕುಸಿದರು. ನಾನು ಓಡಿ ಹೋಗಿ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಆಂಬುಲೆನ್ಸಿಗೆ ಫೋನ್ ಮಾಡಿದೆ. ಅವರು ನನ್ನ ಕೈಯನ್ನು ಬಿಗಿಯಾಗಿ ಹಿಡಿದಿದ್ದರು.

"ಕುಂಟೆ ಬೀದಿ," ಎಂದೆ.

"ಮ್ಯಾಪಲ್ಲಿ ಬರ್ತಿಲ್ಲ ಸಾರ್," ಎಂದ ಡ್ರೈವರು.

ಚಾಮರಾಜಪೇಟೆ, ಎಡಕ್ಕೆ ತಿರುಗಿ ಎಂದೆಲ್ಲ ಬಡಬಡಿಸಿದೆ. "ಸರಿಯಾದ ಹೆಸರು ಹೇಳಿ ಸಾರ್, ಬೇಗ!" ಹೇಳಿದೆ. ಆ ದರಿದ್ರ ಹೆಸರನ್ನು ಕಿರುಚಿ ಹೇಳಿದೆ.

ಕಮಲತ್ತೆ ಕಣ್ಣು ಬಿಟ್ಟು ನನ್ನನ್ನೇ ನೋಡಿದರು. "ನಿನ್ ಬಾಯಲ್ಲೂ ಅದೇ ಬಂತಲ್ಲೋ," ಎಂದು ಹಿಡಿದಿದ್ದ ನನ್ನ ಕೈಯನ್ನು ಬಿಟ್ಟುಬಿಟ್ಟರು.

ಆಸ್ಪತ್ರೆ ತಲುಪುವ ಮೊದಲೇ ಜೀವ ಹೋಗಿತ್ತು. ಸಂಜೆ ಸಂಘದ ಅಧ್ಯಕ್ಷ ದೊಡ್ಡ ಹಾರ ಹಿಡಿದುಕೊಂಡು ಬಂದ. ಅವನನ್ನು ನಾನು ಹೊಸ್ತಿಲು ದಾಟಲು ಬಿಡಲಿಲ್ಲ.